ಆರನೆಯ ಗುಂಡಿಯ ಗೊಬ್ಬರ

ಅಥವಾ ಶೇವಂತಾಬಾಯಿ ಆ ಮಾತನ್ನು ನಂತರ ಹೇಳಿದ್ದಳೇ? ಧೂಳು ಕಲಸಿ, ಗೊಬ್ಬರ ಗಾಡಿ ಹತ್ತಿ, ಗಿಡಗಳೆಲ್ಲ ಕೆಟ್ಟ ಮೇಲೆ? ನಾನು ಪುರಸಭೆಗೆ ಬರೆದುಕೊಟ್ಟ ಹೇಳಿಕೆಯ ಪ್ರಕಾರ, ಗೊಬ್ಬರದ ಗುಂಡಿಗಳನ್ನು ನೋಡಿಕೊಳ್ಳುತ್ತಿದ್ದ ಈ ಹೆಂಗಸು ನನ್ನನ್ನು ಮೊದಲೇ ಎಚ್ಚರಿಸಿದ್ದಳು. ಆ ಹೇಳಿಕೆಯ ಕಾರ್ಬನ್ ಪ್ರತಿ ಇನ್ನೂ ನನ್ನ ಬಳಿ ಇದೆ. ಅಕ್ಷರ ನನ್ನದೇ. ಆದರೆ ನಾನು ಬರೆದಿದ್ದೇನೆ ಎಂಬುದು ಹಾಗೆಯೇ ನಡೆದಿತ್ತು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಸರ್ವಿಸ್ ಪೂರ್ತಿ ವರದಿ ಬರೆದವನಿಗೆ ಇಷ್ಟಾದರೂ ತಿಳಿದಿರಬೇಕು.

ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳುತ್ತೇನೆ. 1988ರಲ್ಲಿ ನಾನು ನಿಪ್ಪಾಣಿ ಮತ್ತು ಚಿಕ್ಕೋಡಿಯ ನಡುವಿನ ಒಂದು ಸಣ್ಣ ಪುರಸಭೆಯಲ್ಲಿ ಆರೋಗ್ಯ ನಿರೀಕ್ಷಕನಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಅದರಿಂದ ಪ್ರಯೋಜನವಿಲ್ಲ. ಬೀದಿಯ ಕಸ ಹೊಡೆಸುವುದು, ಚರಂಡಿ ತೆಗೆಸುವುದು, ಖಾನಾವಳಿಗಳ ಅಡುಗೆಮನೆ ನೋಡುವುದು, ಜನನ ಮರಣ ಬರೆದುಕೊಳ್ಳುವುದು, ಹುಚ್ಚುನಾಯಿ ಬಂದರೆ ಓಡುವುದು ನನ್ನ ಕೆಲಸ. ಇವೆಲ್ಲಕ್ಕಿಂತ ಹೆಚ್ಚಾಗಿ, ಊರಿನ ಕಸವನ್ನು ಊರಿನವರ ಕಣ್ಣಿಗೆ ಬೀಳದ ಕಡೆ ಒಯ್ದು ಹಾಕುವುದು. ‘ಪರಿಸರ’ ಎಂಬ ಶಬ್ದ ನಮ್ಮ ಕಡತಗಳಲ್ಲಿ ವರ್ಷಕ್ಕೆ ಒಂದು ಸಲ, ಸಸಿ ನೆಡುವ ದಿನ ಮಾತ್ರ ಕಾಣಿಸಿಕೊಳ್ಳುತ್ತಿತ್ತು.

ನಮ್ಮ ಕಸ ಬೇರೆ ಊರುಗಳ ಕಸದಂತಿರಲಿಲ್ಲ. ಸುತ್ತ ತಂಬಾಕು ಬೆಳೆಯುವ ನಾಡು. ಊರಿನ ತುಂಬ ವಖಾರಿಗಳು, ಅಂದರೆ ತಂಬಾಕು ತುಂಬಿಡುವ ದೊಡ್ಡ ಗೋದಾಮುಗಳು. ಒಳಗೆ ಹೆಂಗಸರು ತಲೆಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ತಂಬಾಕು ಬಡಿದು ಜರಡಿ ಹಿಡಿಯುತ್ತಿದ್ದರು. ಉಳಿದ ಧೂಳನ್ನೂ ಕಡ್ಡಿಯನ್ನೂ ಗೋಡೆಯಾಚೆ ಎಸೆಯುತ್ತಿದ್ದರು. ಗಾಳಿ ಬೀಸಿದರೆ ಇಡೀ ಗಲ್ಲಿ ಸೀನುತ್ತಿತ್ತು. ಹೊಸಬರು ಅದನ್ನು ನೆಗಡಿ ಎಂದುಕೊಳ್ಳುತ್ತಿದ್ದರು. ಈ ಧೂಳೆಲ್ಲ ಪುರಸಭೆಯ ಟ್ರ್ಯಾಕ್ಟರ್ ಹತ್ತಿ ಕೊನೆಗೆ ಊರಂಚಿನ ಕೆರೆಯ ದಂಡೆಗೆ ಹೋಗಿ ಬೀಳುತ್ತಿತ್ತು.

ಆ ಕೆರೆಯನ್ನು ಮುಚ್ಚಬೇಕೆಂಬುದು ನಮ್ಮ ಅಧ್ಯಕ್ಷರ ಯೋಜನೆ. ಕೆಟ್ಟ ಮನುಷ್ಯರಲ್ಲ ಅವರು. ಊರಿಗೊಂದು ಬಸ್ ಸ್ಟ್ಯಾಂಡ್ ಬೇಕು, ಅದರ ಸುತ್ತ ಅಂಗಡಿಗಳ ಸಾಲು ಬೇಕು, ಅದಕ್ಕೆ ಜಾಗ ಬೇಕು ಎಂದು ನಿಜವಾಗಿಯೇ ಹಂಬಲಿಸುತ್ತಿದ್ದರು. ನಾಲ್ಕು ವರ್ಷ ಕಸ ಸುರಿದರೆ ಕೆರೆ ತಾನಾಗಿ ಸಮತಟ್ಟಾಗುತ್ತದೆ ಎಂಬುದು ಅವರ ಲೆಕ್ಕ. ಆದರೆ ನೀರಿರುವ ಕೆರೆಯನ್ನು ಪುರಸಭೆ ಸುಮ್ಮನೆ ಮುಚ್ಚುವಂತಿರಲಿಲ್ಲ. ಅದು ಜನರ ಆರೋಗ್ಯಕ್ಕೆ ಹಾನಿಕರವೆಂದು ಆರೋಗ್ಯ ನಿರೀಕ್ಷಕ ಪ್ರಮಾಣಪತ್ರ ಕೊಡಬೇಕಾಗಿತ್ತು. ಜನವರಿಯಲ್ಲಿ ಅವರು ನನ್ನನ್ನು ಕರೆಸಿದರು.

“ಕಸಾನೂ ಹೋತು, ಬಸ್ ಸ್ಟ್ಯಾಂಡೂ ಬಂತು. ನಿಮ್ಮದೊಂದು ಸಹಿ ಬೇಕು ಇನ್ಸ್‌ಪೆಕ್ಟರ್ ಸಾಹೇಬ್ರ, ಅಷ್ಟ.”

“ಕೆರ್ಯಾಗ ನೀರು ಐತ್ರಿ.”

“ನೀರು ಐತಿ, ಅದಕ್ಕ ಸೊಳ್ಳಿ ಅದಾವ. ಸೊಳ್ಳಿ ಅದಾವ ಅಂತ ಬರೀರಿ. ಸುಳ್ಳೇನಲ್ಲಲ್ಲ?”

ಸುಳ್ಳಲ್ಲ, ಸೊಳ್ಳೆಗಳಿದ್ದವು. “ಸೊಳ್ಳಿ ಈ ಖೋಲ್ಯಾಗೂ ಅದಾವ್ರಿ, ಇದನ್ನೂ ಮುಚ್ಚೂಣೇನ್ರಿ?” ಎಂದು ನಾನು ಕೇಳಿದೆನೆಂದು ಬಹಳ ಸಲ ಹೇಳಿಕೊಂಡಿದ್ದೇನೆ. ಅದು ಅಲ್ಲೇ ಬಾಯಿಗೆ ಬಂತೋ, ಮನೆಗೆ ನಡೆದು ಹೋಗುವಾಗ ಹೊಳೆಯಿತೋ, ಈಗ ಆಣೆ ಮಾಡಲಾರೆ. ಬರೆಯುವುದಿಲ್ಲ ಎಂದು ಹೇಳಿದ್ದಂತೂ ನಿಜ.

ನಾನು ಅಥಣಿ ತಾಲೂಕಿನ ತೆಲಸಂಗದವನು, ಬರದ ಸೀಮೆಯವನು. ನೀರು ನಿಂತ ಜಾಗವನ್ನು ಖಾಲಿ ಜಾಗ ಎಂದು ಅಲ್ಲಿ ಯಾರೂ ಕರೆಯುವುದಿಲ್ಲ. ಅದು ನನ್ನ ಹಟ ಎನ್ನಬಹುದು. ಆದರೆ ಬರೇ ಹಟವಾಗಿರಲಿಲ್ಲ. ಕೆರೆಯ ಕೆಳಗಿನ ಕುಂಬಾರ ಗಲ್ಲಿಯಲ್ಲಿ ಒಂಬತ್ತು ಬಾವಿಗಳಿದ್ದವು. ಹಿಂದಿನ ಮಳೆಗಾಲದಲ್ಲಿ ನಾನು ಹಗ್ಗಕ್ಕೆ ಗಂಟು ಹಾಕಿ ಅವನ್ನು ಅಳೆದಿದ್ದೆ. ಕೆರೆ ತುಂಬಿದ ಹತ್ತು ದಿನಗಳೊಳಗೆ ಏಳು ಬಾವಿಗಳಲ್ಲಿ ನೀರು ಮೇಲಕ್ಕೆ ಬಂದಿತ್ತು. ಕೆರೆಗೆ ಬಿದ್ದದ್ದು ಬಾವಿಗೆ ಬರುತ್ತದೆ. ತಂಬಾಕಿನ ಧೂಳೂ ಬರುತ್ತದೆ.

“ಮತ್ತ ಕಸ ಎಲ್ಲಿ ಹಾಕ್ತೀರಿ, ನಿಮ್ಮ ಮನ್ಯಾಗ?” ಎಂದರು ಅಧ್ಯಕ್ಷರು. ನಾನು ಆರು ತಿಂಗಳ ಗಡುವು ಕೇಳಿದೆ. ಕೊಟ್ಟರು. ನನ್ನ ಕೈಲಾಗುವುದಿಲ್ಲವೆಂಬ ಭರವಸೆಯಿಂದ ಕೊಟ್ಟರು.

ರಾಯಬಾಗದ ರಸ್ತೆಯಲ್ಲಿ ಪುರಸಭೆಯ ಹಳೆಯ ಕಂಪೋಸ್ಟ್ ಡಿಪೊ ಇತ್ತು. ಡಿಪೊ ಎಂದರೆ ಜಾಲಿ ಬೆಳೆದ ಒಂದು ಬಯಲು, ಅದರಲ್ಲಿ ಆರು ಗುಂಡಿ. ಒಂದು ಕಾಲದಲ್ಲಿ ಊರಿನ ಕಸವನ್ನು ಅಲ್ಲಿ ಕೊಳೆಸಿ ರೈತರಿಗೆ ಗೊಬ್ಬರ ಮಾಡಿ ಕೊಡುತ್ತಿದ್ದರು. ಯೂರಿಯಾ ಚೀಲ ಬಂದ ಮೇಲೆ ಅದು ನಿಂತುಹೋಗಿತ್ತು. ನಾನು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಹಳೆಯ ಕೈಪಿಡಿಯನ್ನು ಧೂಳು ಕೊಡವಿ ಓದಿದೆ, ಜಾಲಿ ಕಡಿಸಿದೆ, ಗುಂಡಿ ತೆರೆಸಿದೆ. ಒಂದು ಪದರ ಕಸ, ಅದರ ಮೇಲೆ ಸಗಣಿಯ ರಾಡಿ, ಮತ್ತೆ ಕಸ. ಹೀಗೆ ತುಂಬಿ ಮಣ್ಣು ಮುಚ್ಚಿದರೆ ಒಳಗೆ ಬಿಸಿ ಏಳುತ್ತದೆ. ಆ ಬಿಸಿಯೇ ಎಲ್ಲ. ರೋಗದ ಬೀಜ, ಕಳೆಯ ಬೀಜ, ನೊಣದ ಮೊಟ್ಟೆ ಅದರಲ್ಲಿ ಬೆಂದುಹೋಗುತ್ತವೆ. ಎರಡು ಸಲ ತಿರುವಿ ಹಾಕಿದರೆ ನಾಲ್ಕು ತಿಂಗಳಲ್ಲಿ ಕಪ್ಪಗೆ, ಉದುರುದುರಾಗಿ ಗೊಬ್ಬರ ಸಿದ್ಧ.

ಬಿಸಿ ಅಳೆಯಲು ಥರ್ಮಾಮೀಟರ್ ಬೇಕೆಂದು ಬೇಡಿಕೆ ಪತ್ರ ಬರೆದೆ. ಬರಲಿಲ್ಲ. ಶೇವಂತಾಬಾಯಿಗೆ ಅದು ಬೇಕಾಗಿಯೂ ಇರಲಿಲ್ಲ. ಅವಳು ಐವತ್ತರ ಹತ್ತಿರದ ಪೌರಕಾರ್ಮಿಕಳು. ಡಿಪೊ ಹಿಂದೆ ನಡೆಯುತ್ತಿದ್ದಾಗ ಅತ್ತೆಯ ಜೊತೆ ಅಲ್ಲೇ ದುಡಿದಿದ್ದಳು. ಗುಂಡಿಯೊಳಗೆ ಒಂದು ಕಬ್ಬಿಣದ ಸಲಾಕೆ ಚುಚ್ಚಿಟ್ಟಿರುತ್ತಿದ್ದಳು. ಬೆಳಿಗ್ಗೆ ಬಂದವಳೇ ಅದನ್ನು ಎಳೆದು ಮುಷ್ಟಿಯಲ್ಲಿ ಹಿಡಿಯುವಳು. ಹಿಡಿದ ಕೈ ತಾನಾಗಿ ಬಿಟ್ಟರೆ ಗುಂಡಿ ಬೇಯುತ್ತಿದೆ ಎಂದು ಅರ್ಥ. ಆರಾಮವಾಗಿ ಹಿಡಿದುಕೊಂಡಿರಲು ಬಂದರೆ ತಿರುವಬೇಕು. ಮೊದಲ ದಿನ ನನಗೂ ಹಿಡಿಸಿದಳು. ನನ್ನ ಕೈ ಸುಟ್ಟಿತು.

“ಆಫೀಸರ ಕೈ ಅಲ್ರಿ, ಲಗೂ ಸುಡತೈತಿ” ಎಂದಳು.

ತಂಬಾಕಿನ ಧೂಳನ್ನು ನಾವು ಮೊದಲಿನಿಂದಲೇ, ಕಸ ತುಂಬುವಾಗಲೇ ಪದರ ಪದರಕ್ಕೆ ಸ್ವಲ್ಪ ಸ್ವಲ್ಪ ಸೇರಿಸಿದೆವು. ಎಲ್ಲದರ ಜೊತೆ ಅದೂ ಬೆಂದಿತು. ತೆಗೆದ ಗೊಬ್ಬರಕ್ಕೆ ತಂಬಾಕಿನ ವಾಸನೆ ಇರಲಿಲ್ಲ. ಐದು ಗುಂಡಿಗಳ ಗೊಬ್ಬರವನ್ನು ಕಬ್ಬಿನವರೂ ದ್ರಾಕ್ಷಿಯವರೂ ಒಯ್ದರು. ಪುರಸಭೆಯ ಇಬ್ಬರು ಸದಸ್ಯರೂ ತಮ್ಮ ಹೊಲಕ್ಕೆ ಹೊಡೆಸಿಕೊಂಡರು. ಕೆರೆಯ ದಂಡೆಗೆ ಟ್ರ್ಯಾಕ್ಟರ್ ಹೋಗುವುದು ನಿಂತಿತು. ಅಧ್ಯಕ್ಷರು ನನ್ನೊಡನೆ ಮಾತು ಕಡಿಮೆ ಮಾಡಿದರು. ಅದನ್ನು ನಾನು ಗೆಲುವೆಂದೇ ತಿಳಿದೆ.

ಜೂನ್ ಕೊನೆಯಲ್ಲಿ ನೇಮಣ್ಣ ಮಗದುಮ್ ಬಂದರು. ಜೈನ ರೈತರು, ಒಂದೂವರೆ ಎಕರೆಯಲ್ಲಿ ಟೊಮೆಟೊ ಹಚ್ಚುವವರಿದ್ದರು. ಆ ವರ್ಷ ಚಾತುರ್ಮಾಸದ ನಾಲ್ಕು ತಿಂಗಳು ಹೊಲದಲ್ಲಿ ಯಾವ ಔಷಧವನ್ನೂ ಹೊಡೆಯುವುದಿಲ್ಲವೆಂದು ಮುನಿಗಳ ಮುಂದೆ ವ್ರತ ಹಿಡಿದಿದ್ದರು. ಮಳೆಗಾಲದ ಟೊಮೆಟೊಗೆ ಔಷಧವಿಲ್ಲವೆಂದರೆ ಹುಳುವಿಗೆ ಎಲೆ ಹಾಕಿ ಬಡಿಸಿದ ಹಾಗೆ. ನಮ್ಮ ಗೊಬ್ಬರದಲ್ಲಿ ತಂಬಾಕು ಇದೆಯೆಂದು ಯಾರೋ ಹೇಳಿದ್ದರಿಂದ ಹುಡುಕಿಕೊಂಡು ಬಂದಿದ್ದರು. ಆರನೆಯ ಗುಂಡಿಯ ಗೊಬ್ಬರವನ್ನು ಒಂದು ಹಿಡಿ ಎತ್ತಿ ಮೂಸಿದರು.

“ವಾಸನಿನ ಇಲ್ಲಲ್ರಿ ಇದಕ್ಕ.”

“ವಾಸನಿ ಹೋದ್ರ ಚಲೋ ಆಗೇತಿ ಅಂತ ಅರ್ಥರಿ.”

“ಅದು ನಿಮಗಾತು. ಹುಳಕ್ಕ ಹೆಂಗ ತಿಳೀಬೇಕ್ರಿ? ಹುಳಾ ಸಾಯೂದು ಬ್ಯಾಡ ನನಗ. ಬರೂದು ಬ್ಯಾಡ, ಅಷ್ಟ.”

ಕೊಲ್ಲದೆ ದೂರ ಇಡುವುದು. ಈ ವಿಚಾರ ನನಗೆ ತುಂಬಾ ಹಿಡಿಸಿತು. ವಖಾರಿಯ ಧೂಳಿಗೆ ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ? ಜರಡಿಯಿಂದ ಆಗಷ್ಟೇ ಬಂದ ಹಸಿ ಧೂಳನ್ನು ಆರನೆಯ ಗುಂಡಿಯ ಸಿದ್ಧ ಗೊಬ್ಬರಕ್ಕೆ ಕಲಸಲು ಹೇಳಿದೆ. ಇಪ್ಪತ್ತು ಬುಟ್ಟಿ.

“ಅನ್ನ ಆದ ಮ್ಯಾಲ ಹಸಿ ಅಕ್ಕಿ ಹಾಕತೀರಲ್ರಿ” ಎಂದಳು ಶೇವಂತಾಬಾಯಿ. ನನ್ನ ಹೇಳಿಕೆಯ ಪ್ರಕಾರ ಆಗ ಎಂದಳು.

“ಇದೇನ ಊಟಕ್ಕಲ್ಲ, ಬಿಡಬೇ” ಎಂದೆ ನಾನು. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಹಾಗಿದ್ದರೆ ಅವಳು ಮೊದಲೇ ಹೇಳಿರಬೇಕು, ಇಲ್ಲವಾದರೆ ನಾನು ಯಾವ ಮಾತಿಗೆ ಉತ್ತರ ಕೊಟ್ಟೆ? ಇಂಥ ತರ್ಕದಿಂದ ನೆನಪನ್ನು ಸರಿಪಡಿಸುವುದು ಎಷ್ಟು ಅಪಾಯವೆಂಬುದೂ ನನಗೆ ಗೊತ್ತು.

ಅದೇ ವಾರ ಜಿಲ್ಲಾ ಕಚೇರಿಗೆ ಬರೆದೆ: ‘ತಂಬಾಕು ತ್ಯಾಜ್ಯದ ಸಮಸ್ಯೆ ಪರಿಹಾರವಾಗಿದೆ.’ ‘ಆಗುತ್ತಿದೆ’ ಎಂದು ಬರೆದಿದ್ದರೂ ಸಾಕಾಗಿತ್ತು.

ಗಣಪತಿ ಹಬ್ಬ ಮುಗಿದ ವಾರ ನೇಮಣ್ಣನವರ ಟ್ರ್ಯಾಕ್ಟರ್ ಪುರಸಭೆಯ ಮುಂದೆ ನಿಂತಿತು. ಟ್ರೇಲರ್ ತುಂಬ ಬೇರು ಸಮೇತ ಕಿತ್ತ ಟೊಮೆಟೊ ಗಿಡಗಳು. ಅವರು ಕೂಗಾಡಲಿಲ್ಲ. ಒಂದೊಂದೇ ಗಿಡವನ್ನು ತಂದು ಕಚೇರಿಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು. ಎಲೆಗಳ ಮೇಲೆ ಹಸಿರು ಹಳದಿ ತೇಪೆಗಳು. ತುದಿಯ ಎಲೆಗಳು ಸುರುಟಿಕೊಂಡು ದಾರದಂತೆ ಸಣ್ಣಗಾಗಿದ್ದವು. ಕಾಯಿ ಹಿಡಿದದ್ದು ಗೋಲಿಯಷ್ಟಕ್ಕೇ ನಿಂತಿತ್ತು.

“ಹುಳಾ ಬರಲಿಲ್ರಿ ಸಾಹೇಬ್ರ” ಎಂದರು ನನಗೆ. “ನೀವು ಹೇಳಿದಂಗ ಒಂದೂ ಬರಲಿಲ್ಲ. ತಿನ್ನಾಕ ಏನ ಉಳದೈತಿ ಅಂತ ಬರಬೇಕು?”

ಅಧ್ಯಕ್ಷರು ಹೊರಗೆ ಬಂದು ಅವರ ಭುಜದ ಮೇಲೆ ಕೈಯಿಟ್ಟರು. “ಒಳಗ ಬರ್ರಿ ದಾದಾ, ಚಹಾ ಕುಡೀರಿ.” ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ನಿಮ್ಮ ಗೊಬ್ಬರ ನೋಡಿದ್ವಿ. ಇನ್ನ ನಮ್ಮ ಕೆರಿ ನೋಡೂಣು” ಎಂದರು.

ಧಾರವಾಡದಿಂದ ಸಸ್ಯರೋಗದ ತಜ್ಞರೊಬ್ಬರನ್ನು ನಾನೇ ಪತ್ರ ಬರೆದು ಕರೆಸಿದೆ. ಅವರು ಬಸ್ಸಿನಲ್ಲಿ ಬಂದು, ಒಂದು ದಿನ ಹೊಲದಲ್ಲಿ ನಡೆದು ನೋಡಿದರು. ಇದು ಮೊಸಾಯಿಕ್ ಎಂಬ ವೈರಸ್ ರೋಗ ಎಂದರು. ತಂಬಾಕಿಗೂ ಟೊಮೆಟೊಗೂ ಒಂದೇ ಕುಲ, ಒಬ್ಬರ ರೋಗ ಇನ್ನೊಬ್ಬರಿಗೆ ಹತ್ತುತ್ತದೆ. ಒಣಗಿದ ತಂಬಾಕಿನಲ್ಲಿ ಈ ವೈರಸ್ ವರ್ಷಗಟ್ಟಲೆ ಬದುಕಿರುತ್ತದೆ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಈ ರೋಗ ಹರಡುವುದು ಬಹಳ ಸಲ ಮುಟ್ಟುವ ಕೈಯಿಂದ ಎಂದು ಹೇಳಿ, ಸಸಿ ಹಚ್ಚಿದ ಕೂಲಿ ಹೆಂಗಸರನ್ನು ಕರೆಸಿದರು. ಹನ್ನೊಂದು ಜನ ಬಂದರು.

“ನಿಮ್ಮಲ್ಲಿ ತಂಬಾಕು ತಿಕ್ಕಿ ತಿನ್ನುವವರು ಯಾರು?”

ಒಬ್ಬ ಮುದುಕಿ ಅಂಗೈಯ ಸುಣ್ಣ ಒರೆಸಿಕೊಂಡು ನಕ್ಕಳು. “ಯಾರು ತಿಕ್ಕಂಗಿಲ್ಲ ಅಂತ ಕೇಳ್ರಿ ಯಪ್ಪಾ, ಲಗೂ ಮುಗೀತೈತಿ.”

ಧೂಳಿನಿಂದಲೂ ಬಂದಿರಬಹುದು, ಕೈಯಿಂದಲೂ ಬಂದಿರಬಹುದು, ನೋಡಿದ ಮಾತ್ರಕ್ಕೆ ಹೇಳಲಾಗದು ಎಂದರು ತಜ್ಞರು. ಉಳಿದ ಗೊಬ್ಬರವನ್ನೂ ಎಲೆಗಳನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿಕೊಂಡರು. ಪರೀಕ್ಷೆ ಮಾಡಿ ವರದಿ ಕಳಿಸುತ್ತೇನೆ, ತಿಂಗಳುಗಳು ಹಿಡಿಯಬಹುದು ಎಂದು ಹೇಳಿ ಸಂಜೆಯ ಬಸ್ಸಿಗೆ ಹೋದರು. ಪುರಸಭೆಯ ಸಾಮಾನ್ಯ ಸಭೆ ಮುಂದಿನ ವಾರವೇ ಇತ್ತು.

ಸಭೆಯ ಹಿಂದಿನ ದಿನ ಅಧ್ಯಕ್ಷರು ಬಾಗಿಲು ಹಾಕಿಸಿ ನನ್ನನ್ನು ಕೂರಿಸಿಕೊಂಡರು. ಅವರ ಮಾತು ಸ್ಪಷ್ಟವಾಗಿತ್ತು.

“ಕೂಲಿ ಹೆಣ್ಮಕ್ಕಳ ಕೈಲೆ ಆಗೇತಿ ಅಂತ ಬರೀರಿ, ನಿಮಗೇನೂ ಆಗೂದಿಲ್ಲ. ಕೆರಿ ಕಾಗದಕ್ಕ ಒಂದು ಸಹಿ ಮಾಡ್ರಿ. ಮಾಡೂದಿಲ್ಲ ಅಂದ್ರ ಎಲ್ಲಾ ಗೊಬ್ಬರದ್ದ ತಪ್ಪು ಅಂತ ನಾವು ಠರಾವು ಮಾಡ್ತೀವಿ. ಡಿಪೊ ಬಂದ್, ಕಸ ಕೆರಿಗಿ, ನೀವು ಮನಿಗಿ. ಸಹಿ ನಿಮ್ಮ ಜಾಗಾಕ್ಕ ಬಂದವ ಮಾಡ್ತಾನ.”

ಎರಡು ದಾರಿಗಳೂ ಕೆರೆಗೇ ಹೋಗುತ್ತಿದ್ದವು. ಅದು ಅವರ ಜಾಣತನ. ಆ ಹನ್ನೊಂದು ಹೆಂಗಸರ ಕೈ ನನಗೆ ಎಷ್ಟು ಅನುಕೂಲವಾಗಿ ಒದಗಿತ್ತೆಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವರಲ್ಲಿ ಯಾರೂ ಸಭೆಗೆ ಬಂದು ಅಲ್ಲವೆನ್ನುವವರಲ್ಲ. ತಜ್ಞರೂ ಅಲ್ಲಗಳೆದಿರಲಿಲ್ಲ. ಒಂದು ವಾಕ್ಯ ಬರೆದರೆ ನಾನು ಉಳಿಯುತ್ತಿದ್ದೆ. ಬರೆಯುವ ಮನಸ್ಸು ಬರಲೇ ಇಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ.

ಕೊನೆಗೆ ಬರೆದದ್ದು ಬೇರೆ. ಎರಡು ಹಾಳೆ. ಮೊದಲನೆಯದರಲ್ಲಿ: ಗುಂಡಿಯಲ್ಲಿ ಬೆಂದ ಗೊಬ್ಬರದ ತಪ್ಪಿಲ್ಲ, ಕೂಲಿಯವರ ಮೇಲೆ ತಪ್ಪು ಹೊರಿಸಲು ಆಧಾರವಿಲ್ಲ. ಬೇಯದ ಧೂಳನ್ನು ಆರನೆಯ ಗುಂಡಿಯ ಗೊಬ್ಬರಕ್ಕೆ ಕಲಸುವಂತೆ, ಕೆಲಸಗಾರಳ ಮಾತು ಮೀರಿ, ನಾನು ಆದೇಶ ಕೊಟ್ಟೆ. ತಪ್ಪು ಆಗಿದ್ದರೆ ಅದು ನನ್ನದು, ಪದ್ಧತಿಯದಲ್ಲ. ಎರಡನೆಯದರಲ್ಲಿ ಒಂಬತ್ತು ಬಾವಿಗಳ ಅಳತೆ, ಅದರ ಕೆಳಗೆ ಒಂದು ಸಾಲು: ‘ಈ ಕೆರೆ ಜನರ ಆರೋಗ್ಯಕ್ಕೆ ಹಾನಿಕರವೆಂದು ನಾನು ಪ್ರಮಾಣೀಕರಿಸುವುದಿಲ್ಲ.’ ಸಭೆಯಲ್ಲಿ ಓದಿದ ಕಾಗದ ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ, ಮತ್ತೆ ಹರಿದು ಹಾಕಲು ಬರುವುದಿಲ್ಲ. ಅದಕ್ಕಾಗಿ ನಾನೇ ಎದ್ದುನಿಂತು ಗಟ್ಟಿಯಾಗಿ ಓದಿದೆ.

ಸದಸ್ಯರಲ್ಲಿ ಕೆಲವರು ನಕ್ಕರು. ಅಧ್ಯಕ್ಷರು, “ಭೇಷ್ ಆತು, ತಪ್ಪು ಒಪ್ಪಿಕೊಂಡಾರ. ಡಿಪೊ ಬಂದ್ ಮಾಡೂಣು, ಕಸದ ಜಾಗಾ ಕೆರಿ ಅಂತ ಬರಕೊಳ್ರಿ” ಎಂದು ಗುಮಾಸ್ತನಿಗೆ ಹೇಳಿದರು. ಆಗ ಹಿಂದಿನ ಬೆಂಚಿನಿಂದ ನೇಮಣ್ಣ ಎದ್ದರು. ಅವರನ್ನು ಅಧ್ಯಕ್ಷರೇ ಕರೆಸಿದ್ದರು, ನನ್ನ ವಿರುದ್ಧ ಎರಡು ಮಾತಾಡಲಿ ಎಂದು.

“ನನ್ನ ತ್ವಾಟ ಹೋತು. ಅದಕ್ಕ ನಿಮಗ ಕೆರಿ ಯಾಕ ಬೇಕು?”

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ.

“ಕುಂದರ್ರಿ ದಾದಾ, ನಿಮ್ಮ ಪರವಾಗೇ ಮಾಡಾಕತ್ತೀವಿ” ಎಂದರು ಅಧ್ಯಕ್ಷರು.

“ನನ್ನ ಪರವಾಗಿ ಯಾರ ನೀರೂ ಮುಚ್ಚಬ್ಯಾಡ್ರಿ. ಧೂಳು ಹಾಕ್ರಿ ಅಂದವ ನಾನ. ಹಾಕಿದವರು ಇವರು. ನಮ್ಮ ಜಗಳ ನಾವು ನೋಡ್ಕೋತೀವಿ. ಉಳಿದ ಐದು ಗುಂಡಿ ಗೊಬ್ಬರ ಒಯ್ದವರು ಇಲ್ಲೇ ಖುರ್ಚಿ ಮ್ಯಾಲ ಕುಂತಾರ. ಅವರ ಕಬ್ಬು ಹೆಂಗ ಐತಿ ಕೇಳ್ರಿ.”

ಇಬ್ಬರು ಸದಸ್ಯರಲ್ಲಿ ಒಬ್ಬರು ಫ್ಯಾನು ನೋಡತೊಡಗಿದರು. ಇನ್ನೊಬ್ಬರು, “ಚಲೋ ಐತ್ರಿ” ಎಂದುಬಿಟ್ಟರು. ಠರಾವು ಮುಂದಕ್ಕೆ ಹೋಯಿತು. ನಾನು ಆ ಊರಲ್ಲಿದ್ದಷ್ಟು ದಿನ ಅದು ಮತ್ತೆ ಸಭೆಗೆ ಬರಲಿಲ್ಲ.

ನೇಮಣ್ಣ ನನ್ನನ್ನು ಕ್ಷಮಿಸಿದರೆಂದು ಓದುಗರು ತಿಳಿಯಬಾರದು. ಸಭೆ ಮುಗಿದ ಮೇಲೆ ಮೆಟ್ಟಿಲ ಮೇಲೆ, “ಆಯ್ತವಾರ ಹೊಲಕ್ಕ ಬರ್ರಿ, ಕೀಳೂದು ಭಾಳ ಐತಿ” ಎಂದಷ್ಟೇ ಹೇಳಿದರು. ನಾಲ್ಕು ಭಾನುವಾರ ಹೋದೆ. ತಜ್ಞರು ಗಿಡಗಳನ್ನು ಸುಡಲು ಹೇಳಿದ್ದರು. ಅದರೊಳಗಿನ ಇರುವೆ ಹುಳುಗಳು ಎಲ್ಲಿ ಹೋಗಬೇಕೆಂದು ನೇಮಣ್ಣ ಒಪ್ಪಲಿಲ್ಲ. ಕಿತ್ತ ಗಿಡಗಳನ್ನು ಹೊಲದಿಂದ ದೂರ ಬಂಡೆಯ ಮೇಲೆ ಒಣಹಾಕಿದೆವು. ಆ ನಾಲ್ಕು ದಿನವೂ ಅವರು ನನಗೆ ಊಟ ಹಾಕಿದರು.

ನವೆಂಬರಿನಲ್ಲಿ ಕಾರಣ ಕೇಳುವ ನೋಟಿಸು, ಡಿಸೆಂಬರಿನಲ್ಲಿ ಕಾಗವಾಡದ ಕಡೆ ವರ್ಗಾವಣೆ. ಹೊರಡುವ ದಿನ ಡಿಪೊಗೆ ಹೋದೆ. ಗುಂಡಿಗಳು ನಡೆಯುತ್ತಿದ್ದವು, ಹಸಿ ಧೂಳು ಮಾತ್ರ ಬಂದ್. ಅಂದು ನೀನು ಮೊದಲೇ ಹೇಳಿದ್ದೆ ಅಲ್ಲವೇ ಎಂದು ಶೇವಂತಾಬಾಯಿಯನ್ನು ಕೇಳಿದೆ.

“ನಾ ಹೇಳಿದ್ನೇನ್ರಿ? ನೀವ ಬರದೀರಿ ಅಂದ್ರ ಹೇಳಿರಬೇಕು ಬಿಡ್ರಿ. ಬರದದ್ದು ಮತ್ತ ತಗೀಬ್ಯಾಡ್ರಿ.”

ತೆಗೆಯಲಿಲ್ಲ. ಆ ನೌಕರಿ ನನಗೆ ಕಲಿಸಿದ್ದೇನೆಂದು ಕೇಳುವವರಿಗೆ ಹೀಗೆ ಹೇಳುತ್ತೇನೆ: ಎಲ್ಲವೂ ಖಚಿತವಾದ ಮೇಲೆಯೇ ‘ಇಲ್ಲ’ ಅನ್ನುತ್ತೇನೆ ಎಂದು ಕೂತ ನೌಕರ ಎಂದೂ ‘ಇಲ್ಲ’ ಅನ್ನುವುದಿಲ್ಲ. ನನ್ನ ಗೊಬ್ಬರದ ಬಗ್ಗೆ ನನಗೆ ಸಂದೇಹವಿತ್ತು, ನನ್ನ ಬಗ್ಗೆ ಇನ್ನೂ ಹೆಚ್ಚು ಸಂದೇಹವಿತ್ತು. ಕೆರೆಯ ಬಗ್ಗೆ ಇರಲಿಲ್ಲ. ಒಂದು ಸಂದೇಹವನ್ನು ತೋರಿಸಿ ಬೇರೊಂದು ಕಾಗದಕ್ಕೆ ಸಹಿ ಕೇಳುವವರು ಎಲ್ಲ ಕಚೇರಿಗಳಲ್ಲೂ ಇರುತ್ತಾರೆ. ಅವರಿಗೆ ಸಹಿ ಕೊಡಬಾರದು.

ಆ ದಾರಿಯಲ್ಲಿ ಮತ್ತೆ ಹೋದದ್ದು 1996ರಲ್ಲಿ, ಬಸ್ಸಿನಲ್ಲಿ. ಕೆರೆಯಲ್ಲಿ ನೀರಿತ್ತು. ಒಂದು ಮೂಲೆಗೆ ಮಣ್ಣು ತುಂಬಿ ಮೂರು ಅಂಗಡಿ ಕಟ್ಟಿದ್ದರು. ಯಾರ ಸಹಿಯ ಮೇಲೆ ಎಂದು ಗೊತ್ತಿಲ್ಲ, ಬಸ್ಸು ಅಲ್ಲಿ ನಿಲ್ಲಲಿಲ್ಲ.

ಇನ್ನೊಂದು ವಿಷಯವೂ ಗೊತ್ತಿಲ್ಲ. ನಾನು ಕಾಗವಾಡದ ಕಡೆಗೆ ಹೋದ ಮೂರು ತಿಂಗಳಿಗೆ ಹಳೆಯ ಕಚೇರಿಯ ಗುಮಾಸ್ತ ಒಂದು ಕಾರ್ಡು ಬರೆದಿದ್ದ: ಧಾರವಾಡದಿಂದ ಪರೀಕ್ಷೆಯ ವರದಿ ಬಂದಿದೆ, ನಿಮಗೊಂದು ಪ್ರತಿ ಕಳಿಸಲೇ? ಸಭೆಯಲ್ಲಿ ಎದ್ದುನಿಂತು ಓದಿದವನು ನಾನೇ. ಆ ಕಾರ್ಡಿಗೆ ಉತ್ತರ ಬರೆಯದವನೂ ನಾನೇ. ರೋಗ ನನ್ನ ಧೂಳಿನಿಂದ ಬಂತೋ, ಆ ಹೆಂಗಸರ ಕೈಯಿಂದ ಬಂತೋ, ನಾನು ಇಂದಿಗೂ ತಿಳಿದುಕೊಂಡಿಲ್ಲ.